ಮಸಿರಾಯನ ಗವಿಗೆ ಹೊಗೆಯಿಲ್ಲದ ದೀಪ

ಬಹಳ ಕಾಲದ ಹಿಂದೆ, ಈಗ ಯಾವ ದಾರಿ ಹಿಡಿದರೂ ಸಿಗದ ಸೋಗೆನಾಡು ಎಂಬ ರಾಜ್ಯವಿತ್ತು. ಅಲ್ಲಿನ ಬೆಟ್ಟದ ಗವಿಯಲ್ಲಿ ಮಸಿರಾಯನೆಂಬ ಮಾಂತ್ರಿಕನಿದ್ದ. ಹೊಗೆಯೇ ಅವನ ಊಟ. ಬೆಟ್ಟದ ಕಡೆ ಸುಳಿದವರನ್ನೆಲ್ಲ ಅವನು ಒಳಗೆಳೆದುಕೊಳ್ಳುತ್ತಿದ್ದ. ಗವಿಯ ಕತ್ತಲಲ್ಲಿ ಅವರು ತಮ್ಮ ಹೆಸರನ್ನೇ ಮರೆತು ಕಲ್ಲಿನಂತೆ ಕೂತುಬಿಡುತ್ತಿದ್ದರು. ಅವರನ್ನು ಬಿಡಿಸಿ ತರಲು ರಾಜ ಪಂಜಿನವರನ್ನು ಕಳಿಸಿದ. ಪಂಜಿನ ಹೊಗೆ ಕುಡಿದು ಮಸಿರಾಯ ಆನೆಯಷ್ಟು ಬೆಳೆದ. ಹೋದವರು ಹೋದಲ್ಲೇ ಉಳಿದರು.

ಹಾಗೆ ಉಳಿದವರಲ್ಲಿ ಮಲ್ಲಾಜಿಯ ತಮ್ಮ ಕಾಚಣ್ಣನೂ ಒಬ್ಬ.

ಮಲ್ಲಾಜಿ ಅರಮನೆಯಲ್ಲಿ ದೀಪ ಹಚ್ಚುವವಳು. ಏನನ್ನು ಕಂಡರೂ ಕೆದಕಿ ನೋಡದೆ ಬಿಡುವವಳಲ್ಲ. ತಮ್ಮನಿಗಾಗಿ ಅತ್ತಳು. ಅತ್ತು ಮುಗಿದ ಮೇಲೆ ಯೋಚನೆಗೆ ಬಿದ್ದಳು. ಬೆಳಕು ಬೇಕು, ಹೊಗೆ ಬೇಡ. ಅಂಥ ದೀಪ ಇರಲು ಸಾಧ್ಯವೇ? ಅವಳು ಗಾಣದ ಸಂಕವ್ವನ ಹತ್ತಿರ ಹೋಗಿ ಕೇಳಿದಳು.

"ನನ್ನ ಬಾತುಕೋಳಿಗೆ ಸೋಯಾ ಎಣ್ಣೆ ಕುಡಿಸಿದರೆ ಮೊಟ್ಟೆಯ ಬದಲು ಮೇಣದ ಉಂಡೆ ಇಡುತ್ತದೆ, ಹದವಾಗಿ ಉರಿದರೆ ಅದಕ್ಕೆ ಹೊಗೆಯಿಲ್ಲ, ತಗೊಂಡು ಹೋಗು" ಎಂದಳು ಸಂಕವ್ವ. "ಆದರೆ ಗವಿಯ ಬಾಗಿಲಲ್ಲಿ ದೊಡ್ಡ ಬಾವಲಿ ಇದೆ ಮಗಳೇ. ಅದು ರೆಕ್ಕೆ ಬೀಸಿದರೆ ಯಾವ ದೀಪವೂ ನಿಲ್ಲುವುದಿಲ್ಲ. ಗಾಜಿನ ಭರಣಿಯೊಳಗೆ ಹಚ್ಚಿಕೋ."

"ಬತ್ತಿ ಎಷ್ಟು ದಪ್ಪ ಇರಬೇಕು ಅವ್ವಾ?"

"ಅದು ನನಗೂ ಗೊತ್ತಿಲ್ಲ. ನೀನೇ ಹಚ್ಚಿ ನೋಡು."

ಮಲ್ಲಾಜಿ ಮೇಣ ಕರಗಿಸಿದಳು. ಭರಣಿಯ ನಡುವೆ ಹೆಬ್ಬೆರಳಿನಷ್ಟು ದಪ್ಪದ ಬತ್ತಿ ನಿಲ್ಲಿಸಿ, ಮೇಣ ಹೊಯ್ದು, ಆರಿದ ಮೇಲೆ ಹಚ್ಚಿದಳು. ಉರಿ ಭಗ್ಗನೆ ಎದ್ದಿತು. ಭರಣಿಯ ಬಾಯಿ ಕಪ್ಪಾಯಿತು. ಬೆಟ್ಟದ ಕಡೆಯಿಂದ ಡರ್ರೆಂದು ತೇಗು ಕೇಳಿಸಿತು. ಮಸಿರಾಯ ಉಂಡಿದ್ದ!

ಎರಡನೆಯ ಸಲ ದಾರದಂಥ ತೆಳು ಬತ್ತಿ ಇಟ್ಟಳು. ಹೊಗೆ ಬರಲಿಲ್ಲ ನಿಜ. ಆದರೆ ಉರಿ ನಡುವೆ ಮಾತ್ರ ಬಾವಿ ತೋಡುತ್ತ ಇಳಿಯಿತು, ಸುತ್ತಲಿನ ಮೇಣ ಗೋಡೆಯಂತೆ ಹಾಗೇ ನಿಂತಿತು. ಕೊನೆಗೆ ಬತ್ತಿ ತಾನು ಕರಗಿಸಿದ ಮೇಣದಲ್ಲೇ ಮುಳುಗಿ ಆರಿತು. ಬೆಟ್ಟದಿಂದ ಹ್ಹಹ್ಹಹ್ಹಾ ಎಂದು ನಗು ಬಂತು.

"ನಗು, ನಗು" ಎಂದಳು ಮಲ್ಲಾಜಿ. ಅವಳಿಗೆ ಸಿಟ್ಟು ಬರಲಿಲ್ಲ. ದಪ್ಪದ್ದು ಹೊಗೆಯಾಡಿತು, ತೆಳುವಾದದ್ದು ಮುಳುಗಿತು. ಹಾಗಾದರೆ ನಡುವಿನದು ಏನು ಮಾಡುತ್ತದೋ? ನೋಡುವವರೆಗೆ ಅನ್ನ ಇಳಿಯಲಿಲ್ಲ.

ಮೂರನೆಯ ಸಲ ಮೂರೆಳೆ ನೂಲು ಹೆಣೆದು ಬತ್ತಿ ಮಾಡಿದಳು. ಉರಿ ನೆಟ್ಟಗೆ ನಿಂತಿತು. ಆದರೆ ಬಿಸಿಲೇರಿದಂತೆ ಮೆತ್ತನೆಯ ಮೇಣ ಕುಸಿಯಿತು, ಬತ್ತಿ ವಾಲಿ ಗಾಜಿಗೆ ತಗುಲಿತು, ಭರಣಿ ಠಳ್ಳೆಂದು ಸೀಳಿತು. ಮಲ್ಲಾಜಿ ಬೇರೆ ಭರಣಿ ತಂದು, ಸೋಯಾ ಮೇಣಕ್ಕೆ ಜೇನುಮೇಣ ಬೆರೆಸಿದಳು. ಹೆಚ್ಚಾದಾಗ ಅದು ಬಿರುಸಾಗಿ ಗಾಜು ಬಿಟ್ಟು ಬಂತು. ಕಡಿಮೆ ಮಾಡಿದಳು, ಇನ್ನೂ ಕಡಿಮೆ ಮಾಡಿದಳು, ಚಿಟಿಕೆಗೆ ತಂದಳು. ಹೊಯ್ದದ್ದನ್ನು ಹುಣ್ಣಿಮೆಯವರೆಗೆ ಮುಟ್ಟದೆ ಹದವಾಗಲು ಬಿಟ್ಟಳು.

ಆಮೇಲೆ ಹಚ್ಚಿದಾಗ ಮೇಣ ಅಂಚಿನಿಂದ ಅಂಚಿಗೆ ತಿಳಿನೀರಿನಂತೆ ಕರಗಿತು. ಗಾಜು ಬೆಳ್ಳಗೇ ಉಳಿಯಿತು. ಮಲ್ಲಾಜಿ ಕಿವಿಗೊಟ್ಟಳು. ಬೆಟ್ಟ ಉಸಿರೆತ್ತಲಿಲ್ಲ.

ಮರುದಿನ ಬೆಳಗ್ಗೆ ಭರಣಿ ಹಿಡಿದು ಹೊರಟಳು. ಕಳೆದುಹೋದವರ ಮನೆಯವರು ದಾರಿಯುದ್ದಕ್ಕೂ ನಿಂತು, ಗಲ್ಲದ ಮಚ್ಚೆ, ತುಂಡಾದ ಹಲ್ಲು ಎಂದು ಗುರುತು ಹೇಳಿ, ತಮ್ಮವರ ಹೆಸರು ಕೊಟ್ಟು ಕಳಿಸಿದರು.

ಬಾವಲಿ ರೆಕ್ಕೆ ಬೀಸಿತು. ಗಾಜಿನೊಳಗಿನ ಉರಿ ಬಳುಕಿತು, ಆರಲಿಲ್ಲ. ಬೀಸಿ ಬೀಸಿ ಸುಸ್ತಾಗಿ ಅದು ಹಾರಿಹೋಯಿತು.

ಒಳಗೆ ಆನೆಯಷ್ಟಿದ್ದ ಮಸಿರಾಯ ದೀಪದ ಮೇಲೆ ಬಗ್ಗಿ ಉಸಿರೆಳೆದ. ಏನೂ ಸಿಗಲಿಲ್ಲ. ಹಸಿವಿನಿಂದ ಎಮ್ಮೆಯಷ್ಟಾದ, ಆಡಿನಷ್ಟಾದ. ಅಷ್ಟರಲ್ಲಿ ಬತ್ತಿಯ ತುದಿಯಲ್ಲಿ ಸುಟ್ಟ ನೂಲು ಕರಿಯ ಕುಡಿಯಾಗಿ ಕಟ್ಟಿ ಒಂದೆಳೆ ಹೊಗೆ ಎದ್ದಿತು. ಮಸಿರಾಯ ನಾಲಿಗೆ ಚಾಚಿದ.

"ಕೊಡೇ ತಾಯಿ, ಒಂದೇ ಗುಟುಕು!"

ದೀಪ ಆರಿಸಿ ಕುಡಿ ಕತ್ತರಿಸೋಣವೆಂದರೆ ಕತ್ತಲಲ್ಲಿ ತನ್ನ ಹೆಸರೂ ಮರೆತುಹೋಗುತ್ತದೆ. ಮಲ್ಲಾಜಿ ಭರಣಿಯೊಳಗೆ ಕೈ ಇಳಿಸಿ, ಉರಿಯುತ್ತಿದ್ದಂತೆಯೇ ಆ ಕುಡಿಯನ್ನು ಉಗುರಿನಿಂದ ಚಿವುಟಿ ತೆಗೆದಳು. ಬೆರಳು ಬೊಬ್ಬೆಯೆದ್ದವು. ಹೊಗೆ ನಿಂತಿತು. ಮಸಿರಾಯ ಬೆಕ್ಕಿನಷ್ಟಾದ, ಇಲಿಯಷ್ಟಾದ, ಕೊನೆಗೆ ಹಿಡಿ ಮಸಿಯಾಗಿ ನೆಲಕ್ಕೆ ಉದುರಿದ.

ಮಲ್ಲಾಜಿ ಒಬ್ಬೊಬ್ಬರ ಮುಖಕ್ಕೆ ದೀಪ ಹಿಡಿದು ಹೆಸರು ಕರೆದಳು. ಕರೆದವರೆಲ್ಲ ಕಣ್ಣುಜ್ಜಿಕೊಂಡು ಎದ್ದರು. ಗವಿಯ ಮೂಲೆಯಲ್ಲಿ ಅವಳ ತಮ್ಮ ಕೂತಿದ್ದ.

"ಕಾಚಾ" ಎಂದಳು. ದೀಪವನ್ನು ಇನ್ನೂ ಹತ್ತಿರ ಹಿಡಿದಳು. "ಏಳೋ ಕಾಚಾ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಅವಳ ಬೆರಳು ನೋಡಿದ.

"ಅಕ್ಕಾ, ಕೈ ಸುಟ್ಟುಕೊಂಡೆಯಾ?" ಎಂದ.

ಎಲ್ಲರೂ ಬೆಟ್ಟ ಇಳಿದು ಬಂದರು. ಅಂದು ಸೋಗೆನಾಡಿನ ಮನೆಮನೆಯಲ್ಲಿ ಊಟಕ್ಕೆ ಒಂದೆಲೆ ಹೆಚ್ಚು ಹಾಕಿದರು. ಮುಂದೆ ಯಾರ ಎಲೆಯೂ ಖಾಲಿ ಬೀಳದೆ, ಆ ನಾಡಿನವರು ತಣ್ಣಗೆ ಬಾಳಿದರು.