ಗಟ್ಟಿಯಾಗದ ಮಣ್ಣಿ

"ಜಲಜ ತನ್ನ ಬಾಯಿಂದಲೇ 'ಹಸಿವು' ಅಂತ ಹೇಳುವವರೆಗೆ ನಾನು ಮದುವೆಯ ಸುದ್ದಿಗೇ ಹೋಗುವುದಿಲ್ಲ ಅಕ್ಕಾ."

ಮನೋರಮಕ್ಕ ಕಣ್ಣು ಮುಚ್ಚುವ ಮೊದಲು ಸುಭಾಷಿಣಿ ಕೊಟ್ಟ ಮಾತದು. ಭಾವ ಅದಕ್ಕೂ ಮೊದಲೇ ಹೋಗಿದ್ದರು. ಬನ್ನಂಜೆಯ ಮನೆಯಲ್ಲಿ ಉಳಿದವರು ಬೀಡಿ ಕಟ್ಟಿ ಬದುಕುವ ಅವಳು, ಅಕ್ಕನ ಮಗು, ಒಂದು ತುತ್ತಿಗೇ ಬಾಯಿ ಬಿಗಿಯುವ ಜಲಜ.

ವರ್ಷ ಕಳೆದು, ಎಪ್ಪತ್ತೆಂಟರ ಒಂದು ಬೆಳಿಗ್ಗೆ, ಮಗುವನ್ನು ಸೊಂಟಕ್ಕೇರಿಸಿಕೊಂಡು, ಮಾಲ್ಟ್ ಹುಡಿಯ ಡಬ್ಬಿ ಹಿಡಿದು, ಕಾಪುವಿನ ರಾಗಿ ಮಾಲ್ಟ್ ಮಿಲ್ಲಿನ ಬಾಗಿಲಲ್ಲಿ ಅವಳು ಸಿಡಿದಳು!

"ಈ ಹುಡಿಗೆ ಎಂತ ಬೆರೆಸಿದ್ದೀರಿ? ಎಷ್ಟು ಕಾಯಿಸಿದರೂ ಮಗುವಿನ ಮಣ್ಣಿ ಗಂಜಿಯಷ್ಟೂ ಗಟ್ಟಿಯಾಗುವುದಿಲ್ಲ. ಬರೀ ನೀರು! ತಾಯಿಯಿಲ್ಲದ ಮಗುವಿಗೂ ಮೋಸವಾ?"

ಮೊಳಕೆ ಬಂದ ರಾಗಿಯನ್ನು ಚಾಪೆಯಲ್ಲಿ ಹರಡುತ್ತಿದ್ದ ಉಮಾನಾಥ ಎದ್ದು ನಿಂತ.

"ಬಸ್ಸಿನಲ್ಲಿ ಬಂದದ್ದಾ? ಕುಳಿತುಕೊಳ್ಳಿ. ಬೈಯುವುದಕ್ಕೂ ಉಸಿರು ಬೇಕಲ್ವಾ?"

'ನಗುತ್ತಾನೆ ಬೇರೆ!' ಸುಭಾಷಿಣಿಯ ಸಿಟ್ಟು ಇನ್ನೂ ಏರಿತು.

ಅವನು ಸಾದಾ ರಾಗಿ ಹಿಟ್ಟಿನ ಗಂಜಿ ಕಾಯಿಸಿದ. ಸೌಟು ನಿಲ್ಲುವಷ್ಟು ಗಟ್ಟಿ. ಬಿಸಿ ತುಸು ಇಳಿದ ಮೇಲೆ ಅವಳದೇ ಡಬ್ಬಿಯಿಂದ ಒಂದು ಚಮಚ ಹುಡಿ ಹಾಕಿ ತಿರುಗಿಸುತ್ತಾ ಕುಳಿತ. ಸ್ವಲ್ಪ ಹೊತ್ತಿಗೆ ಗಂಜಿ ಸಡಿಲಾಗಿ ಸೌಟಿನಿಂದ ಹರಿಯಿತು...

"ನೀರು ಹಾಕಲಿಲ್ಲ, ನೋಡಿದಿರಲ್ಲ? ಮೊಳಕೆ ಬರಿಸಿದ ರಾಗಿಯ ಹುಡಿಯ ಗುಣ ಅದು. ತೆಳ್ಳಗೆ ಕಾಣ್ತದೆ, ರಾಗಿ ಅಷ್ಟೂ ಅದರಲ್ಲೇ ಉಂಟು. ನನ್ನ ಅಮ್ಮನಿಗೆ ಕಾಯಿಲೆಯಲ್ಲಿ ಗಂಟಲಿಂದ ಇಳಿದದ್ದು ಇದೊಂದೇ."

ಬೆಲ್ಲ ಬೆರೆಸಿ ಲೋಟ ಕೊಟ್ಟ. ಜಲಜ ಕುಡಿದಳು. ಮತ್ತೂ ಕುಡಿದಳು. ಖಾಲಿ ಲೋಟವನ್ನು ಬಿಡಲೇ ಇಲ್ಲ!

ಸುಭಾಷಿಣಿಯ ಕಣ್ಣು ತುಂಬಿತು. "ತಪ್ಪಾಯ್ತು... ನಿಮ್ಮ ಉಪಕಾರ ಹೇಗೆ ತೀರಿಸಲಿ?"

"ಮುಂದಿನ ಸಲ ಮೆಲ್ಲ ಬೈಯಿರಿ, ಸಾಕು."

ಆಮೇಲೆ ಭಾನುವಾರಗಳಲ್ಲಿ ಅವನೇ ಹೊಸ ಹುಡಿ ಹಿಡಿದು ಬನ್ನಂಜೆಗೆ ಬರತೊಡಗಿದ. ಮಗುವಿನ ಕೆನ್ನೆ ತುಂಬಿತು. ಅವನ ಹೆಜ್ಜೆಯ ಸದ್ದಿಗೆ ಸುಭಾಷಿಣಿಯ ಬೆರಳಿನಿಂದ ಬೀಡಿಯೆಲೆ ಜಾರತೊಡಗಿತು...

"ನೀವಿಬ್ಬರೂ ನಮ್ಮ ಮನೆಗೇ ಬಂದುಬಿಡಬಹುದಲ್ವಾ?" ಒಂದು ದಿನ ಕೇಳಿಯೇಬಿಟ್ಟ.

'ಇಬ್ಬರೂ ಅಂದನಲ್ಲ ದೇವರೇ!' ಆದರೂ ಅಕ್ಕನಿಗೆ ಕೊಟ್ಟ ಮಾತನ್ನು ಹೇಳಿದಳು.

"ಕಾಯ್ತೇನೆ. ಮೊಳಕೆಗೆ ಅವಸರ ಮಾಡಿದರೆ ಆಗ್ತದಾ?"

ದೀಪಾವಳಿ ಕಳೆದ ಭಾನುವಾರ ಬಸ್ಸು ತಡವಾಯಿತು. ಉಮಾನಾಥ ಅಂಗಳಕ್ಕೆ ಕಾಲಿಡುವಾಗ ಜಲಜ ಚಿಕ್ಕಮ್ಮನ ಸೆರಗು ಜಗ್ಗುತ್ತಿದ್ದಳು.

"ಚಿಕ್ಕಮ್ಮಾ... ಹಸಿವು!"

ಸುಭಾಷಿಣಿ ಮಗುವನ್ನು ಎತ್ತಿಕೊಂಡು ಅವನತ್ತ ತಿರುಗಿದಳು.

"ಕೇಳಿತಾ?"

"ಕೇಳಿತು. ಇನ್ನಾದರೂ..."

"ಮೊದಲು ಅವಳಿಗೆ ಕುಡಿಸಿ ಮಾರಾಯ್ರೇ! ಆಮೇಲೆ ಬರ್ತೇವೆ... ಇಬ್ಬರೂ."

ಅಕ್ಕನಿಗೆ ಕೊಟ್ಟ ಮಾತನ್ನು ಸುಭಾಷಿಣಿ ಉಳಿಸಿಕೊಂಡಳು.