ಉಜ್ಜುವ ಮೊದಲೇ ವಾರ್ನಿಶ್

ಮರಗೆಲಸದವಳು ಮನೆಗೆ ಕಾಲಿಟ್ಟ ದಿನವೇ ಟೈಲರ್ ಒಂದು ಅಂಗಿಗೆ ಎರಡೂ ಎಡತೋಳು ಹೊಲಿದ.

ತಾಯಿಯಿಲ್ಲದ ತನ್ನ ಮಗಳ ಕೋಣೆಗೆ ಅವನಿಗೆ ಒಂದು ಪುಸ್ತಕದ ಕಪಾಟು ಬೇಕಿತ್ತು. ಮೂರು ಹಲಗೆ, ಸಾದಾ ಕೆಲಸ. ಮರಗೆಲಸದವಳು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಗೋಡೆಗೆ ಗುರುತು ಹಾಕಿದಳು. ಆಮೇಲೆ ದಿನವೂ ಬಂದಳು. ಹೋಗುವಾಗ ಬಾಗಿಲಲ್ಲಿ ಒಮ್ಮೆ ತಿರುಗಿ ನೋಡುವಳು. ಆ ಒಂದು ನೋಟ ಅವನ ಸಂಜೆಗೆಲ್ಲ ಸಾಕಾಗುತ್ತಿತ್ತು.

ಎಲ್ಲ ಚೆನ್ನಾಗಿಯೇ ಇತ್ತು, ವಾರ್ನಿಶ್ ಬಳಿಯುವವನು ಮರ ನೋಡಲು ಬರುವ ತನಕ. ಆ ಮಹಾಶಯ ಬಂದಾಗಲೆಲ್ಲ ಅವಳ ಬಳಿ ಏನೋ ಪಿಸುಗುಟ್ಟುವನು, ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗುವಳು. ತನ್ನೆದುರು ಮುಗುಳ್ನಕ್ಕಿದ್ದೇ ಹೆಚ್ಚು! ಟೈಲರ್‌ನ ಹೊಟ್ಟೆಕಿಚ್ಚಿನಲ್ಲಿ ಇಸ್ತ್ರಿಪೆಟ್ಟಿಗೆಯನ್ನೇ ಕಾಯಿಸಬಹುದಿತ್ತು.

ನಾಳೆ ಅವನನ್ನು ವಾರ್ನಿಶ್‌ಗೆ ಕರೆಸುತ್ತೇನೆ ಎಂದು ಒಂದು ಸಂಜೆ ಅವಳು ಹೇಳಿ ಹೋದಳು. ಟೈಲರ್ ನೇರ ಅಂಗಡಿಗೆ ಹೋಗಿ ಒಂದು ಡಬ್ಬಿ ತಂದು, ಹಲಗೆಗಳಿಗೆಲ್ಲ ತಾನೇ ಬಳಿದುಬಿಟ್ಟ. ಇನ್ನು ಅವನು ಬರುವ ಅಗತ್ಯವೇ ಇಲ್ಲವಲ್ಲ.

ಮರುದಿನ ಅವಳು ಹಲಗೆಯ ಮೇಲೆ ಬೆರಳಾಡಿಸಿ ನಿಂತುಬಿಟ್ಟಳು.

"ಉಜ್ಜದೇನೇ ಬಳಿದ್ರಾ?"

ಬಟ್ಟೆಯಲ್ಲಿ ಬಣ್ಣ ಮೊದಲು, ಕತ್ತರಿ ಆಮೇಲೆ ಎಂದು ಅವನು ತಡವರಿಸಿದ. ಮಗಳು ಮುಟ್ಟಿ ನೋಡಿ, ಸಿಬಿರು ಚುಚ್ಚುತ್ತೆ ಅಪ್ಪಾ ಎಂದು ದೂರುತ್ತ ಒಳಗೆ ಹೋದಳು.

"ಯಾಕೆ ಹೀಗೆ ಮಾಡಿದ್ರಿ, ಟೈಲರ್ರೇ?"

"ಅವನು ಬರೋದು ಬೇಡ ಅನ್ನಿಸ್ತು. ಅವನ ಹತ್ರ ನೀವು ಅಷ್ಟು ನಗ್ತೀರಿ. ನನಗೆ ಸಹಿಸೋಕಾಗಲ್ಲ."

ಹೇಳಿದ ಮೇಲೆ ಅವನ ಕಿವಿ ಬಿಸಿಯಾಯಿತು. ಅವಳು ಹಲಗೆಯಿಂದ ಕಣ್ಣೆತ್ತಲಿಲ್ಲ.

"ಅವನು ಏನು ಹೇಳಿ ನಗಿಸ್ತಾನೆ ಗೊತ್ತಾ? ಇಂಥ ಕಪಾಟನ್ನ ಎರಡು ದಿನದಲ್ಲಿ ಮುಗಿಸೋಳು ನೀನು, ಈ ಮನೇಲಿ ಮಾತ್ರ ಯಾಕಮ್ಮ ತಿಂಗಳಾದ್ರೂ ಮುಗೀತಿಲ್ಲ ಅಂತಾನೆ."

ಟೈಲರ್ ಹಲಗೆಯ ಮೇಲಿನ ವಾರ್ನಿಶನ್ನು ಉಗುರಿನಿಂದ ಕೆರೆದು ನೋಡಿದ. ಕೊನೆಗೆ, ಬಳಿದದ್ದನ್ನೆಲ್ಲ ಈಗ ತೆಗೆಯಬೇಕಾಗುತ್ತದೆಯೇ ಎಂದು ಕೇಳಿದ.

ಅವಳು ಸ್ಯಾಂಡ್ ಪೇಪರನ್ನು ಹರಿದು ಅರ್ಧ ಅವನ ಅಂಗೈಯಲ್ಲಿಟ್ಟಳು. ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನಿಧಾನವಾಗಿ ಉಜ್ಜಿ," ಎಂದಳು. "ನನಗೇನೂ ಅವಸರ ಇಲ್ಲ."