ಪಾಸ್ಟರ್ ಮಾತು, ಅವಳ ಬಾಯಿ

ಆ ದ್ವೀಪ ಎಷ್ಟು ಪುಟ್ಟದು ಗೊತ್ತೇ? ಈ ತುದಿಯಲ್ಲಿ ಒಬ್ಬ ಸೀನಿದರೆ ಆ ತುದಿಯಲ್ಲಿ ಇನ್ನೊಬ್ಬ ಮೂಗು ಒರೆಸಿಕೊಳ್ಳಬೇಕು. ನಕ್ಷೆ ಬರೆಯುವವರು ಪೆನ್ನಿನ ಮಸಿ ಸೋರಿದೆ ಅಂದುಕೊಂಡು ಅದನ್ನು ಅಳಿಸಿಯೇ ಬಿಟ್ಟಿದ್ದರಂತೆ.

ಅಂಥ ದ್ವೀಪಕ್ಕೆ ಮಿಷನ್‌ನವರು ಕಳಿಸಿದ ಹೊಸ ಪಾಸ್ಟರ್ ಬಂದಿಳಿದ. ಇಳಿದ ಅನ್ನುವುದಕ್ಕಿಂತ ಬಿದ್ದ ಅನ್ನಬೇಕು. ದೋಣಿಯಿಂದ ಅವನು ಕಾಲಿಟ್ಟಿದ್ದು ನೆಲಕ್ಕಲ್ಲ, ಸೊಂಟದುದ್ದ ನೀರಿಗೆ. ಒದ್ದೆ ಕೂದಲನ್ನು ಹಿಂದಕ್ಕೆ ತಳ್ಳಿ ಅವನು ನಕ್ಕ ನೋಡಿ, ಅಲೆಗಳೇ ಒಂದು ಗಳಿಗೆ ದಡಕ್ಕೆ ಬರುವುದನ್ನು ಮರೆತವು. ನಂಬದಿದ್ದರೆ ಅವತ್ತು ದಡದಲ್ಲಿ ನಿಂತಿದ್ದ ದುಭಾಷಿ ಹುಡುಗಿಯನ್ನು ಕೇಳಿ. ತಾನು ಆ ಕಡೆ ನೋಡಲೇ ಇಲ್ಲ ಅನ್ನುತ್ತಾಳೆ. ಕಿವಿ ಮಾತ್ರ ಕೆಂಪಾಗುತ್ತದೆ.

ದ್ವೀಪದ ಮಾತೇ ಬೇರೆ, ಆಚೆ ದಡದ ಮಾತೇ ಬೇರೆ. ಎರಡನ್ನೂ ಚೆನ್ನಾಗಿ ಬಲ್ಲವಳು ಇವಳೊಬ್ಬಳೇ. ಆಚೆ ದಡದಲ್ಲಿ ನರ್ಸಿಂಗ್ ಕಲಿತು ಬಂದವಳು. ವಾರವೆಲ್ಲ ಮಿಷನ್ ಕ್ಲಿನಿಕ್‌ನಲ್ಲಿ ಸೂಜಿ ಚುಚ್ಚಿ, ಗಾಯ ಕಟ್ಟಿ, ಹೆರಿಗೆ ಮಾಡಿಸಿ, ಭಾನುವಾರ ಚರ್ಚಿನಲ್ಲಿ ಪಾಸ್ಟರ್ ಪಕ್ಕ ನಿಂತು ಅವರ ಮಾತನ್ನು ಜನಕ್ಕೆ ಹೇಳುವುದು ಅವಳ ಕೆಲಸ. ಅದಕ್ಕೊಂದು ಪದ್ಧತಿ ಇತ್ತು. 'ಪಾಸ್ಟರ್ ಹೀಗಂದರು' ಅನ್ನುವಂತಿಲ್ಲ. ಅವರು 'ನಾನು' ಅಂದರೆ ಇವಳೂ 'ನಾನು' ಅನ್ನಬೇಕು.

ಮೊದಲ ಭಾನುವಾರವೇ ಎಡವಟ್ಟಾಯಿತು. ಪಾಸ್ಟರ್ ಪರಿಚಯ ಹೇಳಿಕೊಳ್ಳುತ್ತ, "ನನಗಿನ್ನೂ ಮದುವೆಯಾಗಿಲ್ಲ" ಅಂದ.

ಅವಳು ಜನರ ಕಡೆ ತಿರುಗಿ ಗಂಭೀರವಾಗಿ, "ನನಗಿನ್ನೂ ಮದುವೆಯಾಗಿಲ್ಲ" ಅಂದಳು.

"ಗೊತ್ತು ಕಣೇ!" ಮುಂದಿನ ಬೆಂಚಿನಿಂದ ಅವಳ ಅಜ್ಜಿ ಕೂಗಿದಳು. "ಅದೇ ಚಿಂತೇಲಿ ಅಲ್ವಾ ನನ್ನ ಹಲ್ಲೆಲ್ಲ ಉದುರಿದ್ದು!"

ಚರ್ಚಿಗೆ ಚರ್ಚೇ ನಕ್ಕಿತು. ಆ ನಗುವಿಗೆ ಛಾವಣಿಯ ಹೆಂಚುಗಳು ಸಡಿಲವಾದವು. ಬೇಕಾದರೆ ಹೋಗಿ ಎಣಿಸಿ.

"ಏನಂದರು ಅವರು?" ಪಾಸ್ಟರ್ ಕಣ್ಣರಳಿಸಿ ಕೇಳಿದ.

ಅವಳು ತಲೆ ತಗ್ಗಿಸಿ, ಒಂದಕ್ಷರ ಬಿಡದೆ ಹೇಳಿದಳು. ಅವನು ಮೊದಲು ಅಜ್ಜಿಯನ್ನು ನೋಡಿದ, ಆಮೇಲೆ ಇವಳನ್ನು. ಇವಳನ್ನು ನೋಡಿದ್ದು ಸ್ವಲ್ಪ ಹೊತ್ತು ಜಾಸ್ತಿಯಾಯಿತು.

ಅಲ್ಲಿಂದ ಶುರು. ಸಂಜೆಯಾದರೆ ಪಾಸ್ಟರ್ ಭಾನುವಾರ ಚರ್ಚಿನಲ್ಲಿ ಹೇಳುವ ಪ್ರಸಂಗದ ರಿಹರ್ಸಲ್ ಅಂತ ಕ್ಲಿನಿಕ್ ಜಗಲಿಗೆ ಬರುತ್ತಿದ್ದ. ಅವಳು ಸಿರಿಂಜು ಕುದಿಸುತ್ತ, ಬ್ಯಾಂಡೇಜ್ ಸುತ್ತುತ್ತ ಕೇಳುವಳು. ಸಹಾಯ ಮಾಡುತ್ತೇನೆಂದು ಅವನೂ ಕೈ ಹಾಕುವನು. ಅವನು ಸುತ್ತಿದ ಬ್ಯಾಂಡೇಜ್ ಮುದುಡಿದ ಸಾಕ್ಸಿನ ಹಾಗಿರುತ್ತಿತ್ತು.

"ಇದನ್ನ ಕಟ್ಟಿದ್ರೆ ಇರೋ ಗಾಯಾನೂ ಹೆದರಿ ಓಡಿಹೋಗುತ್ತೆ, ಪಾಸ್ಟರ್."

"ಹಾಗಾದ್ರೆ ಒಳ್ಳೇದೇ ಆಯ್ತಲ್ಲ!"

ಒಂದು ಸಂಜೆ ಪ್ರಸಂಗದ ನಡುವೆ, ಅದೇ ಗಂಭೀರ ದನಿಯಲ್ಲಿ, ಅವನು ಹೇಳಿದ: "ನಿನ್ನ ಕಣ್ಣು ತುಂಬ ಚಂದ."

ಸಮುದ್ರ ತನ್ನ ಸದ್ದನ್ನು ತಾನೇ ನುಂಗಿಕೊಂಡಿತು. ಅವಳ ಕೈಯ ಬ್ಯಾಂಡೇಜ್ ಉರುಳಿ ಮೆಟ್ಟಿಲು ದಾಟಿತು. ಪದ್ಧತಿ ಅಂದರೆ ಪದ್ಧತಿ. ಅವನ ಮುಖವನ್ನೇ ನೋಡುತ್ತ, ದ್ವೀಪದ ಮಾತಿನಲ್ಲಿ ಅವಳೂ ಅದನ್ನೇ ಹೇಳಿದಳು: "ನಿನ್ನ ಕಣ್ಣು ತುಂಬ ಚಂದ."

"ಈಗ ಮಾಡಿದ್ದು ಅನುವಾದವೋ, ಅಥವಾ ನೀನೇ ಹೇಳಿದ್ದೋ?"

"ನನ್ನ ಕೆಲಸ ನಾನು ಮಾಡಿದೆ, ಪಾಸ್ಟರ್."

"ಪಾಸ್ಟರ್ ಅನ್ನಬೇಡ."

"ಸರಿ. ಆ ಬ್ಯಾಂಡೇಜ್ ಎತ್ಕೊಂಡು ಬಾ, ಹೋಗು."

ಬಹುವಚನ ಹಾಗೆ ಉರುಳಿಹೋಯಿತು. ಅವನು ಓಡಿಹೋಗಿ ಬ್ಯಾಂಡೇಜ್ ತಂದ. ಸ್ವರ್ಗದ ಬೀಗದ ಕೈ ಸಿಕ್ಕವನೂ ಅಷ್ಟು ಹಿಗ್ಗಿ ಓಡಿರಲಾರ. ಮದುವೆಯಾಗೋಣ ಅಂತ ಅವನು ಕೇಳಿದ್ದೂ ಆ ಜಗಲಿಯಲ್ಲೇ. "ಅತ್ತಿಗೆ ಬಾಣಂತನ ಮುಗೀಲಿ, ಆಮೇಲೆ ಹೇಳ್ತೀನಿ" ಅಂದಳು ಅವಳು. ಉತ್ತರ ಅವಳ ಮುಖದ ಮೇಲೆ ಆಗಲೇ ಇತ್ತು, ಕುರುಡರೂ ಓದುವಷ್ಟು ದಪ್ಪ ಅಕ್ಷರದಲ್ಲಿ.

ಅತ್ತಿಗೆಯ ವಿಷಯ ಹಗುರದ್ದಲ್ಲ. ಕ್ಲಿನಿಕ್ ಆಗುವ ಮೊದಲು, ಆಚೆ ದಡದ ಆಸ್ಪತ್ರೆಗೆ ಹೋಗುವಾಗ ನಡುನೀರಿನಲ್ಲೇ ಅವಳ ಚೊಚ್ಚಲ ಮಗು ಹೋಗಿತ್ತು. ಈಗ ಎರಡನೆಯ ಬಸುರು. "ಈ ಸಲ ನಮ್ಮ ಕ್ಲಿನಿಕ್ ಇದೆ, ನೀನಿದ್ದೀ, ನನಗೇನು ಭಯ?" ಅಂತ ಹೊಟ್ಟೆ ಸವರಿಕೊಳ್ಳುತ್ತಿದ್ದಳು.

ಆಗಲೇ ಒಂದು ಭಾನುವಾರ ಪಾಸ್ಟರ್ ಹೇಳಿದ: "ಕ್ಲಿನಿಕ್ ಛಾವಣಿ ರಿಪೇರಿ ಮಾಡಿಸುತ್ತೇವೆ. ಸಾಮಾನೆಲ್ಲ ಆಚೆ ದಡಕ್ಕೆ ಹೋಗಲಿ. ಕೆಲಸ ಮುಗಿದ ಕೂಡಲೇ ವಾಪಸ್ ಬರುತ್ತದೆ. ಇದು ನನ್ನ ಮಾತು."

"ಇದು ನನ್ನ ಮಾತು" ಅಂದಳು ಅವಳೂ, ಎದೆಯ ಮೇಲೆ ಕೈಯಿಟ್ಟು.

ಜನ ಹಬ್ಬದ ಹಾಗೆ ಮುಗಿಬಿದ್ದರು. ಹೆರಿಗೆ ಮಂಚವನ್ನು ತಲೆಯ ಮೇಲೆ ಹೊತ್ತವರು ರಾಜನ ಪಲ್ಲಕ್ಕಿ ಹೊತ್ತವರಂತೆ ಬೀಗಿದರು. ಔಷಧಿಯ ಫ್ರಿಜ್, ಸಿರಿಂಜು ಕುದಿಸುವ ಸ್ಟವ್, ಮಗುವಿನ ತೂಕದ ತಕ್ಕಡಿ, ಎಲ್ಲವೂ ದೋಣಿ ಏರಿತು. ಅತ್ತಿಗೆ ಕೂಡ ಏದುಸಿರು ಬಿಡುತ್ತ ಒಂದು ದಿಂಬು ತಂದಿಟ್ಟಳು.

ದೋಣಿ ನಡೆಸುವ ಮಾಮ ಮುಂದಿನ ಸಲ ಆಚೆ ದಡಕ್ಕೆ ಹೋಗಿ ವಾಪಸ್ ಬಂದಾಗ ಯಾರನ್ನೂ ಮಾತನಾಡಿಸಲಿಲ್ಲ. ಸಾಮಾನ್ಯವಾಗಿ ಅವನ ಬಾಯಿ ದೋಣಿಗಿಂತ ಮೊದಲು ದಡ ಮುಟ್ಟುತ್ತಿತ್ತು. ಕಡೆಗೆ ಅಜ್ಜಿ ಕೆಣಕಿದ ಮೇಲೆ ಉಗುಳಿದ:

"ನಮ್ಮ ಮಂಚದ ಮೇಲೆ ಬೇರೆ ಊರಿನ ಬಾಣಂತಿ ಮಲಗಿದಾಳೆ. ಕಣ್ಣಾರೆ ನೋಡ್ದೆ. ಅಲ್ಲಿನ ಹೊಸ ಆಸ್ಪತ್ರೆಗೆ ಎಲ್ಲಾನೂ ಕೊಟ್ಟಾಯ್ತಂತೆ. ನಮ್ಮ ಕ್ಲಿನಿಕ್ ಮುಚ್ಚಿದ್ರಂತೆ. ರಿಪೇರಿನೂ ಇಲ್ಲ, ಗಿಪೇರಿನೂ ಇಲ್ಲ."

ಯಾರೂ ಪಾಸ್ಟರನ್ನು ಹುಡುಕಲಿಲ್ಲ. ಎಲ್ಲರೂ ಅವಳನ್ನು ನೋಡಿದರು. ಹುಟ್ಟಿದಾಗಿನಿಂದ ಅವಳನ್ನು ಕಂಡ ಕಣ್ಣುಗಳೇ, ಈಗ ಯಾರೋ ಹೊಸಬಳನ್ನು ನೋಡುವಂತೆ.

"ನೀನೇ ಅಲ್ವೇನೇ ಹೇಳಿದ್ದು?" ಅತ್ತಿಗೆ ಮೆಲ್ಲಗೆ ಕೇಳಿದಳು. "ಎದೆ ಮೇಲೆ ಕೈ ಇಟ್ಟು?"

ಎರಡು ಭಾಷೆ ಬಲ್ಲವಳಿಗೆ ಒಂದರಲ್ಲೂ ಒಂದು ಮಾತಿಲ್ಲ.

ಪಾಸ್ಟರ್ ಖಾಲಿ ಕ್ಲಿನಿಕ್‌ನಲ್ಲಿ ಸಿಕ್ಕಿದ. ಗೋಡೆಯ ಮೇಲೆ ಫ್ರಿಜ್ ಇದ್ದ ಜಾಗ ಮಾತ್ರ ಬೆಳ್ಳಗಿತ್ತು.

"ನಿಮಗೆ ಗೊತ್ತಿತ್ತಾ?"

ಆ 'ನಿಮಗೆ' ಕೇಳಿ ಅವನ ಮುಖ ಬಿಳಿಚಿಕೊಂಡಿತು. "ನಾನು ಇಲ್ಲಿಗೆ ಬರುವ ಮೊದಲೇ ಮಿಷನ್ ದೊಡ್ಡವರು ಹೇಳಿದ್ರು. ಮುಚ್ಚಿ ಬಾ ಅಂತಲೇ ನನ್ನನ್ನ ಕಳಿಸಿದ್ದು. ನಿಜ ಹೇಳಿದ್ರೆ ಜನ ಸಾಮಾನು ಕೊಡಲ್ಲ ಅಂತ..."

"ಬರುವ ಮೊದಲೇ."

"ಎಷ್ಟೋ ಸಲ ನಿನಗೆ ಹೇಳೋಣ ಅಂದ್ಕೊಂಡೆ."

"ಯಾವಾಗ? ನನ್ನ ಕಣ್ಣು ಚಂದ ಅಂದಿರಲ್ಲ, ಅದಕ್ಕೆ ಮುಂಚೇನಾ, ಆಮೇಲಾ?"

ಅವನು ಗೋಡೆಯ ಆ ಬಿಳಿ ಜಾಗವನ್ನೇ ನೋಡಿದ.

"ನೀವೇ ಹೋಗಿ ಹೇಳಿದ್ರೆ ನಮ್ಮ ಜನ ನಂಬ್ತಿರಲಿಲ್ಲ ಅಲ್ವಾ? ಹೊಸಬರು ನೀವು."

"ನೀನು ಹೇಳಿದ್ರೆ ನಂಬ್ತಾರೆ ಅಂತ ಗೊತ್ತಿತ್ತು," ಅಂದ ಅವನು. ಸುಳ್ಳು ಸಾಕಾಗಿ ನಿಜ ಹೇಳಿದ, ಪಾಪ. ಚೂರಿಗಿಂತ ಹರಿತವಾದದ್ದೇ ಬಾಯಿಗೆ ಬಂತು. "ಆದ್ರೆ ಪ್ರೀತಿ ಸುಳ್ಳಲ್ಲ. ನನ್ನ ಜೊತೆ ಬಾ. ನಿನ್ನ ಅತ್ತಿಗೇನೂ ಕರ್ಕೊಂಡು ಹೋಗೋಣ, ಅಲ್ಲೇ ಹೆರಿಗೆ ಮಾಡಿಸೋಣ."

"ಆ ನೀರಿನ ಮೇಲೆ ಅವಳನ್ನ ಇನ್ನೊಂದು ಸಲ ಕೂರಿಸ್ತೀರಾ?" ಅವಳು ಬಾಗಿಲಿಗೆ ಹೋಗಿ ನಿಂತಳು. "ನನ್ನ ಹತ್ರ ಕ್ಷಮೆ ಬೇಡ. ಭಾನುವಾರ ಅವರಿಗೆ ಹೇಳಿ. ನಾನು ಪಕ್ಕದಲ್ಲಿ ನಿಲ್ತೀನಿ. ನನ್ನ ಕೆಲಸ ನಾನು ಮಾಡ್ತೀನಿ."

ಭಾನುವಾರ ಚರ್ಚಿನಲ್ಲಿ ಸೂಜಿ ಬಿದ್ದರೆ ಸಿಡಿಲು ಬಿದ್ದಂತೆ ಕೇಳಿಸುವಷ್ಟು ಮೌನ. ಓಡಿಹೋಗಬಹುದಿತ್ತು ಅವನು, ದೋಣಿ ಕಾದಿತ್ತು. ಹೋಗಲಿಲ್ಲ, ಆ ಮಟ್ಟಿಗೆ ಅವನ ಪಾಲಿಗೊಂದು ಅಂಕ ಕೊಡೋಣ.

"ನಾನು ನಿಮಗೆ ಸುಳ್ಳು ಹೇಳಿದೆ," ಅಂದ.

"ನಾನು ನಿಮಗೆ ಸುಳ್ಳು ಹೇಳಿದೆ," ಅಂದಳು ಅವಳು.

"ಕ್ಲಿನಿಕ್ ಮತ್ತೆ ತೆರೆಯುವುದಿಲ್ಲ. ಅದು ನನಗೆ ಮೊದಲೇ ಗೊತ್ತಿತ್ತು."

ಅದನ್ನೂ ಹೇಳಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಬಿಕ್ಕಿದರು.

"ಈ ಹುಡುಗಿಗೆ ಏನೂ ಗೊತ್ತಿರಲಿಲ್ಲ. ನೀವು ಅವಳನ್ನು ನಂಬುತ್ತೀರಿ ಅಂತ, ಅವಳ ಬಾಯನ್ನು ನಾನು ಬಳಸಿಕೊಂಡೆ."

"ಈ ಹುಡುಗಿಗೆ ಏನೂ ಗೊತ್ತಿರಲಿಲ್ಲ" ಅನ್ನುವಾಗ ಅವಳು ನೆಲ ನೋಡಿದಳು. ತನ್ನ ಪರವಾಗಿ ತಾನೇ ಸಾಕ್ಷಿ ಹೇಳುವ ಕಷ್ಟ ಯಾವ ಶತ್ರುವಿಗೂ ಬೇಡ. ಆದರೂ ಕಡೆಯ ಪದದವರೆಗೂ ಹೇಳಿದಳು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಅವಳತ್ತ ತಲೆಯಾಡಿಸಿದಳು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಪಾಸ್ಟರ್ ಜನರನ್ನು ಬಿಟ್ಟು ಅವಳ ಕಡೆ ತಿರುಗಿದ.

"ನಾನು ನಿನ್ನನ್ನ ಪ್ರೀತಿಸ್ತೀನಿ. ಅದೊಂದು ಮಾತ್ರ ಯಾರೂ ಹೇಳಿಕೊಟ್ಟಿದ್ದಲ್ಲ."

ಅವಳು ಸುಮ್ಮನಿದ್ದಳು.

"ಏನಂದನೇ?" ಅಜ್ಜಿ ಕೂಗಿದಳು. "ಹೇಳೇ!"

"ಅದು ನನಗೆ ಹೇಳಿದ್ದು, ಅಜ್ಜಿ. ನಿಮಗಲ್ಲ."

ಆಮೇಲೆ ಅವಳು ಅವನ ಕಡೆ ತಿರುಗಿದಳು. ಅವನಿಗೆ ತಿಳಿಯುವ ಮಾತಿನಲ್ಲಲ್ಲ, ತನ್ನ ಮಾತಿನಲ್ಲಿ, ನಿಧಾನವಾಗಿ ಹೇಳಿದಳು:

"ನಾನೂ ಪ್ರೀತಿಸಿದೆ. ಕ್ಲಿನಿಕ್ ಜಗಲಿಯಲ್ಲಿ ಅವತ್ತು ನಾನು ಮಾಡಿದ್ದು ಅನುವಾದ ಅಲ್ಲ. ಆದರೆ ನೀನು ನನ್ನ ಬಾಯಿಂದ ನನ್ನವರಿಗೇ ಮೋಸ ಮಾಡಿಸಿದೆ. ಆ ಬಾಯಲ್ಲಿ ನಿನಗೆ ಹೂಂ ಅನ್ನೋಕೆ ನನಗಾಗಲ್ಲ. ಅತ್ತಿಗೆಗೆ ಮಂಚ ಇಲ್ಲದಿದ್ರೆ ಏನಾಯ್ತು, ಚಾಪೆ ಇದೆ, ನಾನಿದ್ದೀನಿ. ನೀನು ಹೋಗು."

ಇಡೀ ಚರ್ಚಿಗೆ ಅರ್ಥವಾಯಿತು. ಮಾಮ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದ. ಅಜ್ಜಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು.

"ಏನಂದೆ?" ಅಂದ ಪಾಸ್ಟರ್. "ಏನಂದೆ, ಹೇಳು!"

ಅವಳು ಮೆಟ್ಟಿಲಿಳಿದು ಹೋಗಿ ಜನರ ನಡುವೆ ಕೂತಳು. ಅತ್ತಿಗೆ ಸರಿದು ಜಾಗ ಕೊಟ್ಟು, ಅವಳ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಒಬ್ಬನೇ ನಿಂತು ಪಾಸ್ಟರ್ ಆಮೇಲೂ ಏನೇನೋ ಹೇಳಿದ. ತುಂಬ ಹೊತ್ತು ಹೇಳಿದ, ಕಣ್ಣೀರು ಹಾಕಿಕೊಂಡು ಹೇಳಿದ. ಅಷ್ಟು ಚಂದದ ಮಾತನ್ನು ಆ ಚರ್ಚಿನಲ್ಲಿ ಹಿಂದೆ ಯಾರೂ ಆಡಿರಲಿಲ್ಲ. ಒಬ್ಬಳನ್ನು ಬಿಟ್ಟು ಯಾರಿಗೂ ಅದು ಅರ್ಥವಾಗಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ.